ಕೊಪ್ಪಳದಾಗ ನಮ್ಮ ಮನಿ ಒಳಗಿನ ಕೆಲಸ: ನೆಲ, ಗ್ವಾಡಿ, ರೊಟ್ಟಿ ಬಡಿಯೋ ಕಟ್ಟಿ

ನಮ್ದು ಕೊಪ್ಪಳದಾಗ 30x40 ಸೈಟು. ಹಳೇ ಮಣ್ಣಿನ ಮಾಳಿಗಿ ಮನಿ ಇತ್ತು, ಅದನ್ನ ಕೆಡವಿ ಅದೇ ಜಾಗದಾಗ ಆರ್‌ಸಿಸಿ ಮನಿ ಎಬ್ಬಿಸಿದ್ವಿ. ಕಾಲಂ, ಸ್ಲ್ಯಾಬ್, ಸ್ಟೀಲು ಎಲ್ಲಾ ಎಂಜಿನಿಯರ್ ತಲಿಬ್ಯಾನಿ, ಅದನ್ನ ಇಲ್ಲಿ ಬರಿಯಂಗಿಲ್ಲ. ಒಳಗಿನ ಫಿನಿಶಿಂಗ್ ಮಾತ್ರ ಪೂರ್ತಿ ನಮ್ಮ ಮ್ಯಾಲೆ ಬಂತು, ನೆಲಕ್ಕ ಏನು, ಗ್ವಾಡಿಗೆ ಏನು, ಅಡಿಗಿಮನಿ ಕಟ್ಟಿಗೆ ಯಾವ ಕಲ್ಲು, ನಳ ಯಾವ ಬಣ್ಣದ್ದು, ಅದರದ್ದು ಈ ಬರಹ. ನಮ್ಮ ಕಡೆ ಬ್ಯಾಸಗಿ, ಧೂಳು, ಸವಳ ನೀರು ಮೂರೂ ಜೋರು, ಹಂಗಾಗಿ ಬೆಂಗಳೂರಿನ ಫ್ಲ್ಯಾಟ್ ವಿಡಿಯೋ ನೋಡಿ ಆರಿಸಿದ್ರ ಇಲ್ಲಿ ನಡಿಯಂಗಿಲ್ಲ.

"ನೆಲಕ್ಕ ಏನ್ ಹಾಕಸ್ತೀರಿ ಈಗ ಹೇಳ್ರಿ ಸರ, ಪಿಸಿಸಿ ಬಿದ್ದ ಮ್ಯಾಲೆ ಹೇಳಿದ್ರ ನನ್ನ ಕೈಯಾಗ ಏನೂ ಇರಂಗಿಲ್ಲ." ನಾವಿನ್ನೂ ಟೈಲ್ಸ್ ಅಂಗಡಿ ಮೆಟ್ಟಲ ಸೈತ ಹತ್ತಿರಲಿಲ್ಲ, ಆಗ್ಲೇ ನಮ್ಮ ಗೌಂಡಿ ಹಿಂಗ ಕೇಳಿದ. ಪಿಸಿಸಿ ಅಂದ್ರ ನೆಲದ ಹಾಸಿನ ಕೆಳಗ ಹಾಕೋ ಸಾದಾ ಕಾಂಕ್ರೀಟ್. ಅವನ ಮಾತು ಖರೇನ ಐತಿ. ವಿಟ್ರಿಫೈಡ್ ಟೈಲ್ ದಪ್ಪ 9 ಎಂಎಂ ಆಸುಪಾಸು, ಅದರ ಕೆಳಗ ಉಸುಕು-ಸಿಮೆಂಟಿನ ಹಾಸು ಒಂದೂವರೆ ಇಂಚು, ಎಲ್ಲಾ ಸೇರಿ 2 ಇಂಚು ಹಿಡೀತೈತಿ. ಪರಸಿ, ಅಂದ್ರ ಹಾಸುಗಲ್ಲು ಹಾಕಿದ್ರ ಕಲ್ಲ ಒಂದೂವರೆ ಇಂಚು ಇರತೈತಿ, ಹಳೇ ಕಲ್ಲಿನ ತಳ ಸಮ ಇರಂಗಿಲ್ಲ ಅಂತ ಕೆಳಗಿನ ಹಾಸೂ 2 ಇಂಚು ಬೇಕಾಗತೈತಿ. ಒಂದು ಖೋಲಿಗೆ ಟೈಲ್ಸು, ಇನ್ನೊಂದಕ್ಕ ಪರಸಿ ಹಾಕಿ ಪಿಸಿಸಿ ಒಂದೇ ಮಟ್ಟಕ್ಕ ಬಿಟ್ರ ಬಾಗಲದಾಗ ಒಂದೂವರೆ ಇಂಚಿನ ಏರು ಬರತೈತಿ, ಮನ್ಯಾಗ ವಯಸ್ಸಾದವರಿದ್ರ ದಿನಾ ಎಡವೋದು ಅಲ್ಲೇ. ಬಾಗಲ ಚೌಕಟ್ಟು, ಸ್ವಿಚ್ ಬೋರ್ಡು, ಅಡಿಗಿ ಕಟ್ಟಿ ಎತ್ತರ, ಬಚ್ಚಲದ ಇಳಿಜಾರು ಇವೆಲ್ಲದರ ಅಳತಿ ಶುರು ಆಗೋದೂ ಮುಗಿದ ನೆಲದ ಮಟ್ಟದಿಂದನ. ಅದಕ್ಕ ಲೆವೆಲ್ ಪೈಪಿನಾಗ ನೀರು ತುಂಬಿ, ಆಗಬೇಕಾದ ನೆಲದಿಂದ 3 ಅಡಿ ಮ್ಯಾಲೆ ಎಲ್ಲಾ ಖೋಲಿ ಗ್ವಾಡಿಗೂ ಬಣ್ಣದ ದಾರದ್ಲೆ ಗೆರಿ ಹೊಡದು ಇಟ್ಟ. ಆಮ್ಯಾಲೆ ಬಡಿಗ್ಯಾರು ಬರಲಿ, ಪ್ಲಂಬರ್ ಬರಲಿ, ಎಲೆಕ್ಟ್ರಿಷಿಯನ್ ಬರಲಿ, ಟೇಪ್ ಹಿಡಿಯೋದು ಆ ಗೆರಿಯಿಂದ. ಮನಿ ಕಟ್ಟಸೋರಿಗೆ ನಾ ಹೇಳೋದಾದ್ರ ಇದೊಂದ: ಫಿನಿಶಿಂಗ್ ಅಂತ ಹೆಸರಿದ್ರೂ ಅದನ್ನ ನೆಲ ತುಂಬೋಕಿಂತ ಮೊದಲ ಆರಿಸಿ ಮುಗಿಸ್ರಿ.

ಪರಸಿ ಮಾತು ಬಂದಿದ್ದು ಅಪ್ಪನಿಂದ. ಹಳೇ ಮನಿ ಕೆಡವಿದಾಗ ಪಡಸಾಲಿ ಕಲ್ಲು ಒಡೀದಂಗ ತಗಸಿ ಹಿತ್ತಲದಾಗ ಒಟ್ಟಿಸಿದ್ದ, ಅವು ಶಹಾಬಾದ್ ಕಡೆ ಕಲ್ಲು, ಕಾಲು ಸವದು ಸವದು ನುಣ್ಣಗಾಗಿದ್ವು. "ಬ್ಯಾಸಗ್ಯಾಗ ಹಾಸಗಿ ಬ್ಯಾಡ, ಬರೇ ಕಲ್ಲಮ್ಯಾಲೆ ಮಕ್ಕೋತೀನಿ, ನನ್ನ ಖೋಲಿಗೆ ಇದನ್ನ ಹಾಕ್ರಿ" ಅಂದ. ನಮ್ಮಾಕಿಗೆ ಮನಸ್ಸಿರಲಿಲ್ಲ, ಒಂದು ಖೋಲಿ ಒಂದ್ ನಮೂನಿ, ಇನ್ನೊಂದು ಇನ್ನೊಂದ್ ನಮೂನಿ ಕಾಣತೈತಿ ಅಂತ. ಕೊನಿಗೆ ಅವ್ವ-ಅಪ್ಪನ ಖೋಲಿಗೆ ಮತ್ತ ಮುಂದಿನ ಕಟ್ಟಿಗೆ ಪರಸಿ, ಉಳದದ್ದಕ್ಕೆಲ್ಲ ಟೈಲ್ಸ್ ಅಂತ ನಿಕ್ಕಿ ಆತು. ಆ ಖೋಲಿ ಪಿಸಿಸಿ ಒಂದೂವರೆ ಇಂಚು ಕೆಳಗ ಇಳಿಸಿದ್ವಿ, ಈಗ ಬಾಗಲದಾಗ ನಿಂತು ಬರಿಗಾಲ ಇಟ್ಟು ನೋಡಿದ್ರೂ ಮಟ್ಟ ಒಂದೇ.

ಹಳೇ ಕಲ್ಲಿಗೆ ಕೆಲಸ ಬಾಳ ಐತಿ, ಪುಕ್ಕಟ ಅಂತ ತಿಳ್ಕೊಬ್ಯಾಡ್ರಿ. ಕೈಲೆ ಉಳಿ ಹೊಡದ ಅಂಚು ಸೊಟ್ಟ ಇರತಾವ, ಕಟಿಂಗ್ ಮಷೀನಿನಾಗ ನಾಕೂ ಕಡೆ ಅಂಚು ನೇರ ಮಾಡಿಸಬೇಕು, ಕಲ್ಲ ಅಳತಿ ಹಂಗೇ ಸಣ್ಣದಾಗತೈತಿ, ಹಂಗಾಗಿ ಖೋಲಿಗೆ ಬೇಕಾದಕ್ಕಿಂತ ಜಾಸ್ತಿ ಕಲ್ಲು ಕೈಯಾಗ ಇರಬೇಕು. ಹಾಸಿದ ಮ್ಯಾಲೆ ಮಷೀನ್ ಪಾಲಿಶ್ ಹಿಡಿಸಿದ್ವಿ, ಹೊಳಪು ಬರೋವರೆಗೂ ಬ್ಯಾಡ, ನುಣುಪು ಬಂದ್ರ ಸಾಕು ಅಂತ ಹೇಳಿ ನಿಲ್ಲಿಸಿದ್ವಿ. ಮುಖ್ಯ ಮಾತು ಏನಂದ್ರ ಶಹಾಬಾದ್, ತಾಂಡೂರು, ಕಡಪಾ ಇವೆಲ್ಲಾ ಸುಣ್ಣದ ಕಲ್ಲಿನ ಜಾತಿ, ಆ್ಯಸಿಡ್ ಬಿದ್ರ ಕಲ್ಲನ್ನ ತಿಂತೈತಿ. ಟಾಯ್ಲೆಟ್ ತೊಳಿಯೋ ಬಾಟಲಿ ಆ ಖೋಲಿಯಾಗ ಇಡಂಗಿಲ್ಲ ಅಂತ ಅವ್ವಗ ಹೇಳಿಟ್ಟೀವಿ, ಲಿಂಬಿರಸ ಬಿದ್ರೂ ಕಲೆ ಏಳತೈತಿ. ಗ್ರಾನೈಟಿಗೆ ಈ ಕಾಟ ಇಷ್ಟಿಲ್ಲ, ಅದಕ್ಕ ಮೆಟ್ಟಲಕ್ಕ ಮತ್ತ ಹೊಸ್ತಿಲಕ್ಕ ಇಳಕಲ್ ಕೆಂಪು ಗ್ರಾನೈಟ್ ತಂದ್ವಿ, ಕುಷ್ಟಗಿ ದಾಟಿದ್ರ ಇಳಕಲ್, ಮನಿ ಹಂತ್ಯಾಕ ಇಷ್ಟ ಛಲೋ ಕಲ್ಲಿದ್ದಾಗ ದೂರದಿಂದ ಯಾಕ ತರಸಬೇಕು. ಮೆಟ್ಟಲ ಮೂತಿಗೆ ಎರಡೆರಡು ಗೆರಿ ಕೊರಸ್ರಿ, ಪಾಲಿಶ್ ಗ್ರಾನೈಟ್ ಒದ್ದಿ ಕಾಲಿಗೆ ಜಾರತೈತಿ.

ಟೈಲ್ಸ್ ಅಂಗಡ್ಯಾಗ ಎಲ್ಲರ ಕಣ್ಣು ಮೊದಲು ಬೀಳೋದು ಬಿಳಿ ಹೊಳೆಯೋ ಗ್ಲಾಸಿ ಟೈಲಿಗೆ. ಮ್ಯಾಲೆ ಸಾಲಾಗಿ ಎಲ್‌ಇಡಿ ಹಚ್ಚಿರತಾರ, ಟೈಲ್ ಒಳಗ ಮುಖ ಕಾಣತೈತಿ, ಮನ್ಯಾಗೂ ಹಿಂಗ ಇರತೈತಿ ಅಂತ ಅನಸತೈತಿ. ನಮ್ಮೂರಾಗ ಗಾಳಿ ಕಾರ್ಖಾನಿ ಇರೋ ಗಿಣಿಗೇರಾ ಕಡೆಯಿಂದ ಬೀಸಿದ್ರ ಕರಿ ಧೂಳು, ಹೊಲದ ಕಡೆಯಿಂದ ಬೀಸಿದ್ರ ಕೆಂಪು ಇಲ್ಲಾ ಎರಿ ಮಣ್ಣು, ಮುಂಜಾನೆ ಒರಿಸಿದ ನೆಲ ಮಧ್ಯಾಹ್ನಕ್ಕ ಹೆಜ್ಜಿ ತೋರಸತೈತಿ. ಅದಕ್ಕ ಅಂಗಡ್ಯಾಗ ಆರಸಲಿಲ್ಲ, ಇಷ್ಟ ಆದವು ಒಂದೊಂದು ಸ್ಯಾಂಪಲ್ ಕೇಳಿ ತಂದು ಹಳೇ ಮನಿ ತಲಬಾಗಲ ಇದ್ದ ಜಾಗದಾಗ ಸಾಲಾಗಿ ಇಟ್ವಿ. ಕೆಲಸದ ಮಂದಿ ಎಲ್ಲಾ ಅದರ ಮ್ಯಾಲೆ ಓಡಾಡಿದ್ರು. ಮ್ಯಾಲೆ ಚಹಾ ಚೆಲ್ಲಿದ್ವಿ, ಅರಿಷಿಣ ಕಲಸಿದ ಎಣ್ಣಿ ಹಚ್ಚಿ ರಾತ್ರಿ ಬಿಟ್ವಿ, ಮುಂಜಾನೆ ಬರೇ ಒದ್ದಿ ಅರಬ್ಯಾಗ ಒರಿಸಿದ್ವಿ. ಬಿಳಿ ಗ್ಲಾಸಿ ಕಲೆ ಹಿಡಿಲಿಲ್ಲ, ಅದು ಖರೇ, ಆದ್ರ ಒಣ ಹೆಜ್ಜಿ ಎಲ್ಲಾ ಎದ್ದು ಕಾಣ್ತಿದ್ವು. ಪೂರ್ತಿ ಖರ್‌ಖರಿ ಮ್ಯಾಟ್ ಟೈಲು ಹೆಜ್ಜಿ ಮುಚ್ಚಿತು, ಆದ್ರ ಕರಿ ಧೂಳು ಅದರ ಸಣ್ಣ ಸಣ್ಣ ಕುಣ್ಯಾಗ ಕೂತು ಬಿಡ್ತು, ಬ್ರಷ್ ಹಾಕಿ ತಿಕ್ಕಬೇಕಾತು. ನಡುವಿನ ಸ್ಯಾಟಿನ್ ಫಿನಿಶ್, ಬೂದಿ ಮತ್ತ ಬಿಸ್ಕಿಟ್ ಬಣ್ಣ ಬೆರತಂಗಿರೋದು, ಅದು ಗೆದ್ದಿತು. ಕಪ್ಪು ಟೈಲ್ ಧೂಳು ಮುಚ್ಚತೈತಿ ಅನ್ನೋರು ಮನ್ಯಾಗ ಒಮ್ಮೆ ಹಾಕಿ ನೋಡಬೇಕು, ಬಿಳಿ ಧೂಳು, ರೊಟ್ಟಿ ಹಿಟ್ಟು, ನೀರಿನ ಹನಿ ಕಲೆ ಎಲ್ಲಾ ಅದರ ಮ್ಯಾಲೇ ಕಾಣೋದು.

ಅಂಗಡಿಯವರು ಜಿವಿಟಿ, ಡಬಲ್ ಚಾರ್ಜ್ ಅಂತ ಹೇಳತಾರ. ಜಿವಿಟಿ ಅಂದ್ರ ಮ್ಯಾಲೆ ಪ್ರಿಂಟ್ ಮಾಡಿ ಗ್ಲೇಜ್ ಹಾಕಿದ್ದು, ಡಿಸೈನ್ ಬೇಕಾದಷ್ಟು ಸಿಗತಾವ. ಡಬಲ್ ಚಾರ್ಜಿನಾಗ ಬಣ್ಣದ ಪದರ 3-4 ಎಂಎಂ ದಪ್ಪ, ಗೀಚಿದ್ರೂ ಒಳಗ ಅದೇ ಬಣ್ಣ, ಹಂಗಾಗಿ ಮಂದಿ ಜಾಸ್ತಿ ಓಡಾಡೋ ಕಡೆಗೆ ಇದು ಪಾಡು, ಡಿಸೈನ್ ಕಮ್ಮಿ. ನಾವು ಪಡಸಾಲಿಗೆ ಡಬಲ್ ಚಾರ್ಜ್, ಬೆಡ್‌ರೂಮಿಗೆ ಜಿವಿಟಿ ಹಾಕಿಸಿದ್ವಿ. ಬಚ್ಚಲಕ್ಕ ಆ್ಯಂಟಿ ಸ್ಕಿಡ್, ಅದರಾಗ 1x1 ಅಡಿ ಟೈಲು ಸಾಕು, ದೊಡ್ಡ ಟೈಲ್ ಹಾಕಿದ್ರ ನೀರ ಹೋಗೋ ಜಾಲಿ ಕಡೆ ಇಳಿಜಾರು ಕೊಡಾಕ ಗೌಂಡಿ ಅದನ್ನ ಕೊರದು ಕೊರದು ತುಂಡು ಮಾಡತಾನ.

ಲೆಕ್ಕ ಒಂದು ನೋಡ್ಕೊಳ್ರಿ. 2x2 ಅಂತ ಕರಿಯೋ ಟೈಲು ಅಸಲಿಗೆ 600x600 ಎಂಎಂ, ಅಂದ್ರ 4 ಚದರ ಅಡಿ ಅಲ್ಲ, 3.875. ಬಾಕ್ಸಿಗೆ ನಾಕು, ಒಟ್ಟು 15.5 ಚದರ ಅಡಿ. ಬಿಲ್ಲಿನಾಗ 16 ಅಂತ ಬರದಿದ್ರ ಒಂದೊಂದು ಬಾಕ್ಸಿಗೆ ಅರ್ಧ ಅಡಿ ರೊಕ್ಕ ಗಾಳಿಗೆ. 12x15 ಖೋಲಿ 180 ಚದರ ಅಡಿ, 15.5 ಹಿಡದು ಭಾಗಿಸಿದ್ರ ಹನ್ನೊಂದೂವರೆ ಬಾಕ್ಸಿಗಿಂತ ಮ್ಯಾಲೆ, ಅಂಚು ಕಟಿಂಗ್ ಮತ್ತ ಒಡಿಯೋದಕ್ಕ ನೂರಕ್ಕ ಹತ್ತು ಸೇರಿಸಿದ್ರ 13 ಬಾಕ್ಸು ತಗೋಬೇಕು. ಎಲ್ಲಾ ಒಂದೇ ಸಲ, ಒಂದೇ ಬ್ಯಾಚ್. ನಮಗ ಗಾಡ್ಯಾಗ ಇಳಿಸಿದಾಗ ಬಾಕ್ಸ್ ಮ್ಯಾಲಿನ ಶೇಡ್ ನಂಬರ್ ನೋಡಿದ್ರ ಮೂರು ಬಾಕ್ಸಿಂದು ಬ್ಯಾರೆ ಇತ್ತು, ಅಂಗಡಿಯವರು "ಏನಾಗಂಗಿಲ್ರಿ, ಹಾಸಿದ ಮ್ಯಾಲೆ ಗೊತ್ತೇ ಆಗಂಗಿಲ್ಲ" ಅಂದ್ರು, ಎರಡು ಟೈಲ್ ಬಿಸಲಿಗೆ ಜೋಡಿಸಿ ಇಟ್ಟು ತೋರಿಸಿದ ಮ್ಯಾಲೆ ಸುಮ್ಮನ ಬದಲಿಸಿ ಕೊಟ್ರು. ಹಮಾಲರು ಗಾಡಿ ಖಾಲಿ ಮಾಡಿ ಹೋದ ಮ್ಯಾಲೆ ಈ ಜಗಳ ನಡಿಯಂಗಿಲ್ಲ, ಇಳಿಸೋವಾಗ್ಲೇ ನೋಡಬೇಕು.

ಹಾಸೋವಾಗ 2 ಎಂಎಂ ಸ್ಪೇಸರ್ ಬಿಡಸ್ರಿ. ಜಾಯಿಂಟ್ ಇಲ್ಲದಂಗ ಕೂಡಿಸಿದ್ರ ಚಂದ ಅಂತ ಇನ್ನೂ ಬಾಳ ಮಂದಿ ಹೇಳತಾರ, ಆದ್ರ ಏಪ್ರಿಲ್-ಮೇ ಬಿಸಲಿಗೆ ಟೈಲ್ ಹಿಗ್ಗಿದ್ರ ಹೋಗಾಕ ಜಾಗ ಇಲ್ಲದ ನಡುವ ಎದ್ದು ಕೂಡತಾವ, ಮ್ಯಾಗಡೆ ಬಾಲ್ಕನ್ಯಾಗ ಇದು ಜಾಸ್ತಿ. ಒಣಗಿದ ಮ್ಯಾಲೆ ಒಂದೊಂದು ಟೈಲಿನ ಮೂಲಿಗೆ ಕೋಲು ಬಡದು ಕೇಳಿದ್ವಿ, ತಳ ತುಂಬಿದ್ರ ಗಟ್ಟಿ ಸಪ್ಪಳ, ಪೊಳ್ಳಿದ್ರ ಡಬ ಡಬ ಅಂತೈತಿ. ಪೊಳ್ಳು ಬಂದಲ್ಲಿ ಚಾಕ್ ಗುರುತು ಹಾಕಿ ಅವತ್ತ ತಗಸಿದ್ವಿ. ಬಚ್ಚಲ ಗ್ವಾಡಿಗೆ ವಿಟ್ರಿಫೈಡ್ ಹಾಕಸೋರಿದ್ರ ಸಿಮೆಂಟ್ ಹಾಲಿನ ಮ್ಯಾಲೆ ಭರೋಸಾ ಇಡಬ್ಯಾಡ್ರಿ, ಆ ಟೈಲು ನೀರ ಹೀರಂಗಿಲ್ಲ, ಹಂಗಾಗಿ ಸಿಮೆಂಟ್ ಅದನ್ನ ಹಿಡಿಯಂಗಿಲ್ಲ, ಟೈಲ್ ಅಡೆಸಿವ್ ಬೇಕೇ ಬೇಕು.

ಇನ್ನ ಅಡಿಗಿಮನಿ. ಮನ್ಯಾಗ ಜಗಳ ಆಗಿದ್ರ ಇದಕ್ಕ. ಮಾಡ್ಯುಲರ್ ಕಿಚನ್ ಮಾಡೋ ಹುಡುಗ್ರು ಬಂದು ಕಂಪ್ಯೂಟರಿನಾಗ ಚಿತ್ರ ತೋರಿಸಿದ್ರು, ಕಟ್ಟಿ ಉದ್ದಕ್ಕೂ 34 ಇಂಚು. ಅವ್ವ ಒಂದೇ ಮಾತು ಕೇಳಿದ್ಲು, "ಯಪ್ಪಾ, ಇದರಾಗ ರೊಟ್ಟಿ ಎಲ್ಲಿ ಬಡೀಲಿ?" ಹುಡುಗ್ರಿಗೆ ಉತ್ತರ ಇರಲಿಲ್ಲ. ನಮ್ಮನ್ಯಾಗ ದಿನಾ ಎರಡೊತ್ತೂ ಜ್ವಾಳದ ರೊಟ್ಟಿ. ಕುಂತು ಬಡಿಯಾಕ ಅವ್ವಗ ಈಗ ಮೊಣಕಾಲು ಬ್ಯಾನಿ, 34 ಇಂಚಿನ ಕಟ್ಟಿ ಮ್ಯಾಲೆ ನಿಂತು ಬಡಿದ್ರ ಅಂಗೈ ಬದ್ಲಿ ಭುಜ ಕೆಲಸ ಮಾಡತೈತಿ.

ಅದಕ್ಕ ಅಳತಿ ಪುಸ್ತಕ ಬಿಟ್ಟು ಪ್ಲಾಸ್ಟರ್ ಆಗದ ಅಡಿಗಿಮನ್ಯಾಗ ಇಟ್ಟಂಗಿ ಒಣದು ಹಂಗೇ ಪೇರಿಸಿ, ಮ್ಯಾಲೆ ಒಂದು ಗ್ರಾನೈಟ್ ತುಂಡು ಇಟ್ವಿ. ಬಾಜೂಕ ಒಂದು ಒಲಿ ಸ್ಟೂಲಿನ ಮ್ಯಾಲೆ. ಅವ್ವ ಅಲ್ಲೇ ಹಿಟ್ಟು ನಾದಿ ಖರೇ ರೊಟ್ಟಿ ಬಡದ್ಲು. ಮೊದಲು ಎತ್ತರ ಜಾಸ್ತಿ ಆತು, ಒಂದು ಸಾಲು ಇಟ್ಟಂಗಿ ತಗದ್ವಿ, ಇನ್ನೂ ಜಾಸ್ತಿ, ಇನ್ನೊಂದು ಸಾಲು ತಗದ್ವಿ. ರೊಟ್ಟಿ ಕೈಕೆಳಗ ತಾನೇ ತಿರಗೋಕ ಶುರು ಆದಾಗ "ಹಾಂ, ಇಷ್ಟ ಇರಲಿ" ಅಂದ್ಲು, ಟೇಪ್ ಹಚ್ಚಿದ್ರ 27 ಇಂಚು. ಗೌಂಡಿ ಪೆನ್ಸಿಲ್ ತಗದು ಗ್ವಾಡಿಗೆ ಬರಕೊಂಡ. ಅಷ್ಟೊತ್ತಿಗೆ ರೊಟ್ಟಿ ಆಗಿದ್ವು, ಕೆಲಸದವರೆಲ್ಲ ಪುಂಡಿಪಲ್ಯೆ ಕೂಡ ಅಲ್ಲೇ ತಿಂದ್ರು.

ಈಗ ಮುಖ್ಯ ಕಟ್ಟಿ 33 ಇಂಚು, ಕಿಡಕಿ ಬಾಜೂಕ ಮೂರು ಅಡಿ ಉದ್ದದ ರೊಟ್ಟಿ ಕಟ್ಟಿ 27 ಇಂಚು, ಅದರ ಮಗ್ಗಲಿಗೆ ಅದೇ ಎತ್ತರಕ್ಕ ಒಂಟಿ ಒಲಿ. ರೊಟ್ಟಿ ಬಡದ ಕೂಡ್ಲೆ ಕೈಲೆ ಎತ್ತಿ ಹಂಚಿಗೆ ಹಾಕಬೇಕು, ನೀರ ಅರಬಿ ಆಡಿಸಬೇಕು, ಒಲಿ ದೂರ ಇದ್ರ ರೊಟ್ಟಿ ಹರೀತೈತಿ. ರೊಟ್ಟಿ ಕಟ್ಟಿ ಕೆಳಗ ಕಪಾಟು ಮಾಡಿಸಲಿಲ್ಲ, ಪೂರ್ತಿ ಇಟ್ಟಂಗಿ ಗ್ವಾಡಿ ಎಬ್ಬಿಸಿ ತುಂಬಿಸಿದ್ವಿ, ಯಾಕಂದ್ರ ಕೆಳಗ ಪೊಳ್ಳಿದ್ರ ದಿನಾ ಬಡದು ಬಡದು ಗ್ರಾನೈಟ್ ಜೋಡಣಿ ಬಿಡತೈತಿ, ಒಳಗಿನ ಡಬ್ಬಿ ಎಲ್ಲಾ ಕುಣಿತಾವ. ಕಲ್ಲ ಎರಡೂ ಕಡೆ ಕಪ್ಪ ಗ್ರಾನೈಟು, ಆದ್ರ ರೊಟ್ಟಿ ಕಡೆಗೆ ಕನ್ನಡಿ ಪಾಲಿಶ್ ಬ್ಯಾಡ ಅಂದ್ಲು ಅವ್ವ, ಜಾರತೈತಿ ಅಂತ, ಅದಕ್ಕ ಸಾದಾ ನುಣುಪಿಗೆ ಬಿಟ್ವಿ. ಕಪ್ಪ ಕಲ್ಲು ತಗೊಳೋವಾಗ ಒಂದು ಕೆಲಸ ಮಾಡ್ರಿ, ಉಗುರಿನ ಬಣ್ಣ ತಗಿಯೋ ಆ್ಯಸಿಟೋನ್ ಹತ್ತ್ಯಾಗ ಅದ್ದಿ ಕಲ್ಲಿಗೆ ತಿಕ್ಕ್ರಿ, ಹತ್ತಿ ಕರ್ರಗಾದ್ರ ಅದು ಬಣ್ಣ ಕುಡಿಸಿದ ಕಲ್ಲು.

ಕೆಳಗಿನ ಕಪಾಟಿಗೆ ಪ್ಲೈವುಡ್ ಡಬ್ಬಿ ಬದ್ಲಿ ಕಡಪಾ ಕಲ್ಲು ನಿಲ್ಲಿಸಿದ್ವಿ, ಬಾಗಲ ಅಷ್ಟ ಪ್ಲೈ. ಹಳೇ ಮನ್ಯಾಗ ಗೆದ್ದಲು ತೊಲಿ ಒಳಗ ಹೊಕ್ಕು ಪುಡಿ ಮಾಡಿದ್ದು ಕಣ್ಣಾರೆ ಕಂಡೀವಿ, ಕಲ್ಲಿಗೆ ಅದು ಬಾಯಿ ಹಾಕಂಗಿಲ್ಲ, ಸಿಂಕ್ ಸೋರಿದ್ರೂ ಉಬ್ಬಂಗಿಲ್ಲ. ಬಾಗಲಕ್ಕ ಐಎಸ್ 710 ಮಾರ್ಕಿನ ಬಿಡಬ್ಲ್ಯೂಪಿ, ಅಂದ್ರ ನೀರಿಗೆ ಜಗ್ಗದ ಪ್ಲೈ, ಮ್ಯಾಲೆ 1 ಎಂಎಂ ಲ್ಯಾಮಿನೇಟ್. ಬೆಡ್‌ರೂಮಿನ ಕಪಾಟಿಗೆ ನೀರಿನ ಕಾಟ ಇಲ್ಲ, ಅಲ್ಲಿ ಐಎಸ್ 303 ಬಿಡಬ್ಲ್ಯೂಆರ್, ಅಂದ್ರ ನೀರನ್ನ ಸ್ವಲ್ಪ ಮಟ್ಟಿಗೆ ತಡಿಯೋ ಪ್ಲೈ ಸಾಕು ಅಂತ ಬಡಿಗ್ಯಾರು ಅಂದ್ರು, ನಮಗೂ ಸರಿ ಅನಸ್ತು.

ಗ್ವಾಡಿ ವಿಷಯದಾಗ ನಮ್ಮ ಕಡೆ ವೈರಿ ಸವಳು. ನಮ್ಮ ಬೋರ್ ನೀರು ಸವಳು, ಅದರಾಗ ಪ್ಲಾಸ್ಟರ್ ಕಲಸಿ ಅದನ್ನೇ ಹೊಡದು ಕ್ಯೂರಿಂಗ್ ಮಾಡಿದ್ರ ಉಪ್ಪು ಗ್ವಾಡಿ ಒಳಗ ಕೂತು, ಒಣಗಿದಂಗ ಒಣಗಿದಂಗ ಹೊರಗ ಬಂದು ಪುಟ್ಟಿ, ಪೇಂಟ್ ಎಲ್ಲಾ ಹಕ್ಕಳಿ ಎಬ್ಬಸತೈತಿ. ನಾವು ಪ್ಲಾಸ್ಟರಿಗೆ ನಗರಸಭೆ ನಳದ ನೀರು ಡ್ರಮ್ಮಿನಾಗ ತುಂಬಿಟ್ಟು ಬಳಸಿದ್ವಿ. ಕಾಲಂ ಮತ್ತ ಇಟ್ಟಂಗಿ ಕೂಡೋ ಜಾಗಕ್ಕೆಲ್ಲ ಜಾಳಿಗಿ ಹೊಡಿಸಿದ್ವಿ, ಇಲ್ಲಾಂದ್ರ ಅದೇ ಗೆರಿ ಹಿಡದು ಸೀಳತೈತಿ. ಬ್ಯಾಸಗ್ಯಾಗ ಪ್ಲಾಸ್ಟರ್ ಮುಂಜಾನೆ ಹಚ್ಚಿದ್ರ ಸಂಜಿಕ ಒಣಗಿದಂಗ ಕಾಣತೈತಿ, ಅದು ಮೋಸ, ಮ್ಯಾಲಿನ ಪದರ ಅಷ್ಟ ಒಣಗಿರೋದು. ಪೇಂಟರ್ ಅವಸರ ಮಾಡಿದ, ನಾವು 28 ದಿನ ಆಗೋತನಕ ಪುಟ್ಟಿ ಮುಟ್ಟಿಸಲಿಲ್ಲ. ಆಮ್ಯಾಲೂ ಒಂದು ಪ್ಲಾಸ್ಟಿಕ್ ಹಾಳಿ ಗ್ವಾಡಿಗೆ ನಾಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಟ್ಟು ನೋಡಿದ್ವಿ, ಒಳಗ ನೀರಿನ ಹನಿ ಕಟ್ಟಿದ್ರ ಗ್ವಾಡಿ ಇನ್ನೂ ಹಸಿ ಅಂತ ತಿಳಿಬೇಕು. ಬಚ್ಚಲದ ಹಿಂದಿನ ಗ್ವಾಡಿ ಹನಿ ಕಟ್ಟಿತು, ಅದನ್ನ ಕೊನಿಗೆ ಬಿಟ್ವಿ. ಜಿಪ್ಸಂ ಪ್ಲಾಸ್ಟರ್ ಮಾಡಿಸ್ರಿ, ನೀರ ಹೊಡಿಯೋದೇ ಬ್ಯಾಡ ಅಂತ ಹೇಳಿದವರಿದ್ರು, ಒಳ ಖೋಲಿಗೆ ಅದು ಪಾಡೇ, ಆದ್ರ ತೇವ ತಾಗೋ ಗ್ವಾಡಿಗೆ ಬರಂಗಿಲ್ಲ, ಎರಡು ನಮೂನಿ ಕೆಲಸಗಾರರನ್ನ ಹುಡುಕೋದು ಯಾರು ಅಂತ ಕೈಬಿಟ್ವಿ.

ಪಡಸಾಲಿ ಪೇಂಟಿಗೆ ಒಂದು ಊರ ಕಾರಣ ಐತಿ. ನಮ್ಮ ಮನಿಗೆ ಬಂದ ಮಂದಿ ಸೋಫಾ ಇದ್ರೂ ಚಾಪಿ ಮ್ಯಾಲೆ ಕುಂತು ಗ್ವಾಡಿಗೆ ಆತುಕೋತಾರ, ಕೊಬ್ಬರಿ ಎಣ್ಣಿ ತಲಿ, ತಿಂಗಳದಾಗ ಗ್ವಾಡಿಗೆ ಸಾಲಾಗಿ ದುಂಡ ದುಂಡ ಕಲೆ. ಹಳೇ ಮನ್ಯಾಗ ಸುಣ್ಣದ ಕೆಳಗ ಕೆಮ್ಮಣ್ಣಿನ ಪಟ್ಟಿ ಬಳಿತಿದ್ರು, ಕಲೆ ಕಾಣ್ತಿರಲಿಲ್ಲ. ಅದನ್ನೇ ಹೊಸದಾಗಿ ಮಾಡಿದ್ವಿ, ಕೆಳಗ ಮೂರೂವರೆ ಅಡಿ ಕೆಮ್ಮಣ್ಣ ಬಣ್ಣದ ತೊಳಿಯೋ ಎಮಲ್ಷನ್ ಸ್ಯಾಟಿನ್ ಫಿನಿಶಿನಾಗ, ಮ್ಯಾಲೆ ಹಾಲಬಿಳಿ ಮ್ಯಾಟ್. ಆಯಿಲ್ ಪೇಂಟ್ ಹೊಡೀರಿ ಅಂದಿದ್ದ ಒಬ್ಬ, ಹೊಸ ಗ್ವಾಡಿಗೆ ಅದು ಉಸಿರಾಡಾಕ ಬಿಡಂಗಿಲ್ಲ, ಒಳಗಿನ ತೇವ ಗುಳ್ಳಿ ಆಗಿ ಬರತೈತಿ. ಬಣ್ಣ ಕಾರ್ಡ್ ನೋಡಿ ಒಪ್ಪಿಗಿ ಕೊಡಬ್ಯಾಡ್ರಿ, ಗ್ವಾಡಿ ಮ್ಯಾಲೆ ಎರಡು ಅಡಿ ಚೌಕ ಬಳಿಸಿ ಮುಂಜಾನೆ, ಮಧ್ಯಾಹ್ನ, ರಾತ್ರಿ ಬಲ್ಬ್ ಹಚ್ಚಿ ನೋಡ್ರಿ. ನಮ್ಮ ಕೆಮ್ಮಣ್ಣು 6500ಕೆ ಬಿಳಿ ಬಲ್ಬಿಗೆ ಸತ್ತ ಬಣ್ಣ ಕಂಡಿತು, ಅದಕ್ಕಿಂತ ಸ್ವಲ್ಪ ಹಳದಿ ಬೆಳಕಿನ 4000ಕೆ ಹಚ್ಚಿದ ಮ್ಯಾಲೆ ಜೀವ ಬಂತು.

ನಳ ಆರಿಸೋದು ಐದು ನಿಮಿಷದ ಕೆಲಸ. ಮ್ಯಾಟ್ ಬ್ಲ್ಯಾಕ್ ನಳ ಈಗಿನ ಫ್ಯಾಷನ್, ಸವಳ ನೀರಿಗೆ ಅದರ ಮ್ಯಾಲೆ ಬಿಳಿ ಕಲೆ ಹತ್ತಿದ್ರ ದಿನಾ ತಿಕ್ಕೋದು ನಮ್ಮ ಹಣೆಬರಹ. ಸಾದಾ ಕ್ರೋಮ್ ತಗೊಂಡ್ವಿ. ಬಚ್ಚಲಕ್ಕ ಗಾಜಿನ ಪಾರ್ಟಿಷನ್ನೂ ಅದೇ ಕಾರಣಕ್ಕ ಬ್ಯಾಡ ಅಂದ್ವಿ. ಶವರ್ ತೂತಿಗೆ ಸಿಲಿಕೋನ್ ಮೂತಿ ಇರೋದು ನೋಡ್ರಿ, ಬೆರಳಲೆ ತಿಕ್ಕಿದ್ರ ಕಟ್ಟಿದ ಸುಣ್ಣ ಉದರತೈತಿ.

ಫಾಲ್ಸ್ ಸೀಲಿಂಗ್ ಎಲ್ಲೂ ಹಾಕಿಸಲಿಲ್ಲ. ಆ ರೊಕ್ಕದಾಗ ಮಾಳಿಗಿ ಮ್ಯಾಲೆ ಬಿಳಿ ಟೈಲ್ಸ್ ಚೂರು ಕೂಡಿಸಿದ್ವಿ, ಬಿಸಲು ಸ್ಲ್ಯಾಬಿಗೆ ಇಳಿಯೋಕಿಂತ ಮೊದಲ ತಡದ್ರ ಪಾಡು ಅಂತ. ಕಿಡಕಿ ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನವು, ಆದ್ರ ಸ್ಲೈಡಿಂಗ್ ಅಲ್ಲ, ಸ್ಲೈಡಿಂಗ್ ಟ್ರ್ಯಾಕಿನಾಗ ಧೂಳು ತುಂಬಿ ಒಂದು ವರ್ಷದಾಗ ಎಳಿಯಾಕ ಬರಂಗಿಲ್ಲ, ತಗದು ಹಾಕೋ ಬಾಗಲದಂಥದ್ದು.

ಹಳೇ ಮನಿ ತಲಬಾಗಲ ಚೌಕಟ್ಟು ಸಾಗವಾನಿದು, ಮ್ಯಾಲೆ ಹೂಬಳ್ಳಿ ಕೆತ್ತನಿ, ಎತ್ತರ ಐದೂವರೆ ಅಡಿ ಅಷ್ಟ. ತಲಬಾಗಲಕ್ಕ ಈಗ ಅದು ಸಣ್ಣದು, ದೇವರ ಖೋಲಿಗೆ ಹಾಕಿದ್ವಿ, ಬಗ್ಗಿ ಒಳಗ ಹೋಗೋದು ಅಲ್ಲಿ ಸರೀನ ಆತು. ಹಳೇ ಬಣ್ಣದ ಪದರ ಹೀಟ್ ಗನ್ನಿನಾಗ ಕಿತ್ತಾಗ ಒಳಗ ಕಟ್ಟಿಗಿ ಹೊಸದರಂಗ ಇತ್ತು, ಬಡಿಗ್ಯಾರು ತಳದ ಗೆದ್ದಲು ತಿಂದ ನಾಕು ಇಂಚು ಕೊಯ್ದು ಸಾಗವಾನಿ ತುಂಡು ಕೂಡಿಸಿದ. ಅದರ ಮ್ಯಾಲೆ ಕಿನ್ನಾಳದ ಚಿತ್ರಗಾರರ ಹಂತ್ಯಾಕ ಮಾಡಿಸಿದ ಬಣ್ಣದ ಕಟ್ಟಿಗಿ ಹಲಗಿ ಬರೋದೈತಿ, ಕಿನ್ನಾಳ ಕಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತಿ ಐತಿ, ಊರ ಬಾಜೂಕ ಇದ್ದೂ ನಮ್ಮ ಮನಿಗಳಾಗ ಕಾಣೋದು ಕಮ್ಮಿ. ಹಗುರ ಕಟ್ಟಿಗಿ, ನೇರ ಬಿಸಲು ಬೀಳದ ಜಾಗ ನೋಡಿ ಮೊಳಿ ಹೊಡೀತೀವಿ.

ಸದ್ಯಕ್ಕ ಉಳಿದದ್ದು ಪೇಂಟಿನ ಕೊನೇ ಕೋಟು, ಸೊಳ್ಳಿ ಜಾಳಿಗಿ, ಬಾಗಲ ಪಾಲಿಶ್. ಪೇಂಟರ್ ದಿನಾ ಫೋನ್ ಮಾಡತಾನ, ಬಡಿಗ್ಯಾರ ಸ್ಯಾಂಡಿಂಗ್ ಧೂಳು ಮುಗಿಯೋತನಕ ಬರಬ್ಯಾಡ ಅಂತ ಹೇಳೀನಿ. ನೆಲದ ಮ್ಯಾಲೆ ಪ್ಲಾಸ್ಟಿಕ್ ಹಾಸಿ ಅದರ ಮ್ಯಾಲೆ ಪಿಒಪಿ ಬಳದು ಮುಚ್ಚೀವಿ, ಅದನ್ನ ಕಿತ್ತ ಮ್ಯಾಲೆ ಆ್ಯಸಿಡ್ ಹಾಕಿ ತೊಳಿತೀನಿ ಅಂತ ಕೆಲಸದ ಹುಡುಗ ಈಗ್ಲೇ ಬಾಟಲಿ ತಂದಿಟ್ಟಾನ, ಪರಸಿ ಖೋಲಿ ಬಾಗಲಕ್ಕ ಅಪ್ಪ ಕೀಲಿ ಹಾಕ್ಯಾನ.